ಸರಟೋಗಾ ಗುಡ್ಡದ ಮೇಲಿನ ಮನೆ

ನಾನು ಸುಳ್ಳು ಹೇಳಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಕೊನೆಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.

ಕ್ಯಾಲಿಫೋರ್ನಿಯಾದ ಕೂಪರ್ಟಿನೋದಲ್ಲಿದ್ದ ನಮ್ಮ ಮನೆ ಮಾರಿ ಎರಡು ತಿಂಗಳಾಗಿತ್ತು. ದೇವಸ್ಥಾನದಲ್ಲಿ ಚಪ್ಪಲಿ ಬಿಡುವ ಜಾಗದಲ್ಲಿ ಬೆರ್ರಿಯೆಸಾದ ಗೆಳತಿ ಸಿಕ್ಕಳು. ಅವಳ ಗಂಡ ನಮ್ಮ ಕನ್ನಡ ಸಂಘದ ಅಧ್ಯಕ್ಷರು. ಹಾಗಾಗಿ ಊರ ಸುದ್ದಿಯೆಲ್ಲ ಮೊದಲು ಅವಳ ಕಿವಿಗೆ ಬಿದ್ದು, ಅಲ್ಲಿ ಒಂದು ಒಗ್ಗರಣೆ ಹಾಕಿಸಿಕೊಂಡು, ಆಮೇಲೆ ಉಳಿದವರಿಗೆ ತಲುಪುತ್ತದೆ.

“ಮನೆ ಮಾರಿದ್ರಂತೆ? ಎಲ್ಲಿಗೆ ಹೋದ್ರಿ?”

“ಸರಟೋಗಾ ಮೇಲೆ. ಗುಡ್ಡದಲ್ಲಿ.”

ಸರಟೋಗಾ ಎಂದರೆ ಇಲ್ಲಿ ಭಾರಿ ಶ್ರೀಮಂತರ ಊರು. ಅವಳು ಒಂದು ಚಪ್ಪಲಿ ಬಿಟ್ಟು, ಇನ್ನೊಂದನ್ನು ಕಾಲಲ್ಲೇ ಇಟ್ಟುಕೊಂಡು ನಿಂತಳು. “ಸರಟೋಗಾನಾ? ಎಷ್ಟು ಎಕರೆ?”

“ಗೊತ್ತಿಲ್ಲ ಕಣೇ. ಸುತ್ತ ಎಲ್ಲಾ ಕಾಡೇ.”

“ಗೇಟೆಡ್ಡಾ?”

“ಗೇಟಿದೆ. ಸಂಜೆ ಯೂನಿಫಾರ್ಮ್ ಹಾಕ್ಕೊಂಡವ್ರು ಬಂದು ಮುಚ್ಚಿಕೊಂಡು ಹೋಗ್ತಾರೆ.”

“ಸ್ಟಾಫ್ ಬೇರೆ,” ಎಂದು ಅವಳು ತನಗೇ ಹೇಳಿಕೊಂಡಳು. ಅವತ್ತು ಪ್ರದಕ್ಷಿಣೆಯಲ್ಲಿ ಒಂದು ಸುತ್ತು ಕಡಿಮೆ ಹಾಕಿ ಹೊರಟುಹೋದಳು.

ಹೇಳಿದ ಪ್ರತಿ ಮಾತೂ ನಿಜ. ನಾವಿರುವುದು ಸರಟೋಗಾದ ಮೇಲಿನ ಗುಡ್ಡದಲ್ಲಿರುವ ಒಂದು ಪಾರ್ಕಿನಲ್ಲಿ, ಆರ್‌ವಿಯಲ್ಲಿ. ಆರ್‌ವಿ ಎಂದರೆ ಅಡುಗೆ ಒಲೆ, ಹಾಸಿಗೆ, ಬಚ್ಚಲು ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡಿರುವ ದೊಡ್ಡ ವ್ಯಾನು. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಅಲ್ಲಿ ನಾವು ಕ್ಯಾಂಪ್ ಹೋಸ್ಟುಗಳು. ಟೆಂಟು ಹಾಕಲು ಬರುವವರಿಗೆ ಜಾಗ ತೋರಿಸುವುದು, ಸೌದೆ ಕೊಡುವುದು, ಹೊತ್ತು ಮೀರಿ ಗಿಟಾರು ಬಾರಿಸುವವರನ್ನು ಸುಮ್ಮನಾಗಿಸುವುದು, ಕಕ್ಕಸು ತೊಳೆಯುವುದು. ಬದಲಿಗೆ ವ್ಯಾನು ನಿಲ್ಲಿಸಲು ಜಾಗ, ನೀರು, ಕರೆಂಟು. ಚಳಿಗಾಲಕ್ಕೆ ದಕ್ಷಿಣದ ಕಡಲತೀರದ ಇನ್ನೊಂದು ಪಾರ್ಕು.

ಇದು ನನ್ನ ಗಂಡನ ಆಸೆ. ಒಂದು ಬೆಳಗ್ಗೆ ಇವರ ಆಫೀಸಿನ ಬಾಗಿಲು ಇವರ ಬ್ಯಾಡ್ಜಿಗೆ ತೆರೆಯಲಿಲ್ಲ. ಕೆಲಸ ಹೋಯಿತೆಂದು ಹೇಗೆ ಹೇಳುವುದೆಂದು ಒಳಗಿದ್ದವರಿಗೂ ತಿಳಿಯದೆ ಈಮೇಲು ಕಳಿಸಿದ್ದರು. ಐವತ್ತೆಂಟರ ವಯಸ್ಸಿನಲ್ಲಿ ಮಗಳ ವಯಸ್ಸಿನವರ ಮುಂದೆ ಇಂಟರ್ವ್ಯೂಗೆ ಕೂರುವುದಿಲ್ಲ ಎಂದರು. ಮೂರು ತಿಂಗಳು ಸೋಫಾದಲ್ಲಿ ಕೂತು ಗೋಡೆ ನೋಡಿ, ನಾಲ್ಕನೇ ತಿಂಗಳು ಆರ್‌ವಿ ತಂದರು. ನಾನು ಅತ್ತೆ, ರಂಪ ಮಾಡಿದೆ, ಕೊನೆಗೆ ಹೊರಟೆ. ಅದರೊಳಗೆ ಒಬ್ಬರು ದೋಸೆ ಹುಯ್ಯುವಾಗ ಇನ್ನೊಬ್ಬರು ಹಾಸಿಗೆಯ ಮೇಲೆ ಕಾಲು ಮಡಚಿ ಕೂರಬೇಕು. ಮೊದಲೆಲ್ಲ ಜಗಳವಾದರೆ ಬೇರೆ ಬೇರೆ ಕೋಣೆಗೆ ಹೋಗುತ್ತಿದ್ದೆವು. ಈಗ ಜಗಳ ಶುರು ಮಾಡುವ ಮೊದಲೇ ಹೊರಗೆ ಯಾರು ಹೋಗಬೇಕೆಂದು ತೀರ್ಮಾನಿಸಬೇಕು.

ಆದರೆ ಇವರು ಸುಖವಾಗಿದ್ದರು, ಅದನ್ನು ಒಪ್ಪಲೇಬೇಕು. ಗಡ್ಡ ಬಿಟ್ಟರು, ಹೊಟ್ಟೆ ಕರಗಿತು, ಬಿಪಿ ಮಾತ್ರೆ ಅರ್ಧಕ್ಕಿಳಿಯಿತು. ಹೊಸದರಲ್ಲಿ ನಾನು ಮೂಗು ಮುಚ್ಚಿಕೊಂಡು, “ಈ ಕೆಲಸ ನಿಮಗೆ ಬೇಕಿತ್ತಾ?” ಎಂದು ಕೇಳಿದ್ದೆ. “ಮೂವತ್ತು ವರ್ಷ ಮೀಟಿಂಗು ಮಾಡಿದೆ ಕಣೇ, ಒಂದೂ ಮುಗೀಲಿಲ್ಲ,” ಎಂದರು. “ಕಕ್ಕಸು ತೊಳೆದ್ರೆ ಮುಗಿಯತ್ತೆ.”

ಇತ್ತ ನನ್ನ ಸರಟೋಗಾದ ಮನೆ ವಾರದಿಂದ ವಾರಕ್ಕೆ ಬೆಳೆಯುತ್ತಾ ಹೋಯಿತು. ನಾನು ಒಂದು ಇಟ್ಟಿಗೆಯನ್ನೂ ಇಡಲಿಲ್ಲ, ಎಲ್ಲ ಜನರೇ ಕಟ್ಟಿದರು. ಯಾರೋ ಈಜುಕೊಳ ಹಾಕಿಸಿದರು, ಯಾರೋ ಹೋಮ್ ಥಿಯೇಟರ್. ಸಂಘದ ಕಾರ್ಯಕ್ರಮಗಳಲ್ಲಿ ಇಪ್ಪತ್ತು ವರ್ಷಗಳ ಕಾಲ ಹಿಂದಿನ ಸಾಲಿನಲ್ಲೇ ಕೂತವಳಿಗೆ ಈಗ ಮುಂದಿನ ಸಾಲು ಸಿಕ್ಕಿತು. ದೀಪ ಹಚ್ಚಲು ಕರೆದರು. ಮೊದಲು ನನ್ನ ಪುಳಿಯೋಗರೆಯಲ್ಲಿ ಹುಳಿ ಜಾಸ್ತಿ ಎನ್ನುತ್ತಿದ್ದವರೇ ಈಗ ಗೊಜ್ಜಿನ ಅಳತೆ ಬರೆದುಕೊಂಡರು. ನನಗೆ ಅದು ಹಿಡಿಸಿತು. ತುಂಬಾ ಹಿಡಿಸಿತು ಎಂದೇ ಹೇಳಬೇಕು.

ಮಗಳಿಗೆ ಫೋನಿನಲ್ಲಿ ಹೇಳಿದೆ. ಅವಳು ನಕ್ಕು, “ಅಮ್ಮಾ, ಜಸ್ಟ್ ಟೆಲ್ ದೆಮ್,” ಎಂದಳು. ಇಲ್ಲಿ ಹುಟ್ಟಿದ ಮಕ್ಕಳಿಗೆ ಇದೆಲ್ಲ ಎಷ್ಟು ಸುಲಭ.

ಜೂನ್‌ನಲ್ಲಿ ಗೆಳತಿ ಫೋನ್ ಮಾಡಿದಳು. “ಪಿಕ್‌ನಿಕ್‌ಗೆ ಮಾಮೂಲಿ ಪಾರ್ಕು ಸಿಗ್ಲಿಲ್ಲ. ನಿಮ್ಮ ಮನೆ ಹತ್ರಾನೇ ಒಂದು ಬುಕ್ ಮಾಡಿದ್ವಿ, ಸರಟೋಗಾ ಗುಡ್ಡದ ಮೇಲೆ. ನೀವು ನಡಕೊಂಡೇ ಬರಬಹುದು.”

ಅದು ನಮ್ಮದೇ ಪಾರ್ಕು. ನಡೆದುಕೊಂಡು ಬರಬಹುದು ಎನ್ನುವುದು ಸರಿಯೇ. ನಮ್ಮ ವ್ಯಾನಿಂದ ಆ ಪಿಕ್‌ನಿಕ್ ಜಾಗ ನೂರು ಹೆಜ್ಜೆ.

“ನಮ್ಮವರು ಬೆಂಗಳೂರಿಗೆ ಹೋಗಿದಾರೆ. ನಾನೊಬ್ಬಳೇ ಬರ್ತೀನಿ,” ಎಂದೆ. ಇದು ಮಾತ್ರ ಸುಳ್ಳು.

ಪಿಕ್‌ನಿಕ್ ಇರುವ ಶನಿವಾರ ರಜೆ ಹಾಕಿ ಎಂದು ಇವರನ್ನು ಕೇಳಿಕೊಂಡೆ. ಇನ್ನೊಬ್ಬ ಹೋಸ್ಟು ಊರಲ್ಲಿಲ್ಲ, ಆಗುವುದಿಲ್ಲ ಎಂದರು. ಆಗ ಬೆಂಗಳೂರಿನ ವಿಷಯ ಬಾಯಿಬಿಟ್ಟೆ. “ಆಯ್ತು. ನಾನು ಬೆಂಗಳೂರಲ್ಲಿದೀನಿ. ಆದ್ರೆ ಕಕ್ಕಸು ಇಲ್ಲೇ ಇದೆಯಲ್ಲ, ಏನು ಮಾಡ್ಲಿ?” ಎಂದರು. ಕೊನೆಗೆ, ಎದುರಾದರೂ ಪರಿಚಯ ತೋರಿಸುವುದಿಲ್ಲ ಎಂದು ಮಾತು ಕೊಟ್ಟರು.

ಶನಿವಾರ ವ್ಯಾನಿನ ಒಲೆಗೆ ಬೆನ್ನು ಒತ್ತಿ ನಿಂತು ಮೈಸೂರು ರೇಷ್ಮೆಯ ನೆರಿಗೆ ಹಿಡಿದೆ. ಕಾರಿನಲ್ಲಿ ಹಿಂದಿನ ದಾರಿಯಿಂದ ಇಳಿದು, ಗುಡ್ಡದ ಬುಡಕ್ಕೆ ಹೋಗಿ, ಮತ್ತೆ ಹತ್ತಿ ಮುಂದಿನ ಗೇಟಿನಿಂದ ಬಂದೆ. ನೂರು ಹೆಜ್ಜೆಯ ದಾರಿಗೆ ನಲವತ್ತು ನಿಮಿಷ ಹಿಡಿಯಿತು. ಹೀಗೆ ನಮ್ಮ ಮನೆಯಂಗಳಕ್ಕೆ ನಾನೇ ಅತಿಥಿಯಾಗಿ ಇಳಿದೆ.

ಅಷ್ಟರಲ್ಲಿ ಸಂಘದವರು ಎರಡು ರೆಡ್‌ವುಡ್ ಮರಗಳ ನಡುವೆ ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಬ್ಯಾನರು ಬಿಗಿದಿದ್ದರು. ಶ್ರಮದ ಮಹತ್ವ ಮಕ್ಕಳಿಗೆ ತಿಳಿಯಲಿ ಎನ್ನುವುದು ಈ ವರ್ಷದ ಆಶಯವಂತೆ. ಅಡುಗೆಯನ್ನು ಕೇಟರಿಂಗಿಗೆ ಹೇಳಿದ್ದರು. ಅಧ್ಯಕ್ಷರು ಮೈಕು ಹಿಡಿದು, ಯಾವ ಕೆಲಸವೂ ಕೀಳಲ್ಲ ಎಂದು ಭಾಷಣ ಮಾಡಿದರು. ನಮ್ಮವರಲ್ಲಿ ಅದು ಎಲ್ಲರೂ ಒಪ್ಪುವ ಮಾತು, ಆ ಕೆಲಸವನ್ನು ಬೇರೆಯವರು ಮಾಡುತ್ತಿರುವವರೆಗೆ.

ಭಾಷಣದ ಮಧ್ಯೆ ಇವರು ಬಂದರು. ಖಾಕಿ ಅಂಗಿ, ಟೋಪಿ, ಕಪ್ಪು ಕನ್ನಡಕ, ಗಡ್ಡ. ಮರಗಳಿಗೆ ಏನನ್ನೂ ಕಟ್ಟುವಂತಿಲ್ಲ, ದಯವಿಟ್ಟು ಬಿಚ್ಚಿ ಎಂದು ಇಂಗ್ಲಿಷಿನಲ್ಲಿ ಹೇಳಿದರು. ನಮ್ಮ ಮನೆಯಲ್ಲಿ ಎಷ್ಟೋ ಸಲ ಉಂಡಿದ್ದ ಅಧ್ಯಕ್ಷರು ಇವರ ಅಂಗಿಯ ಜೇಬನ್ನು ನೋಡುತ್ತಾ, “ಶೂರ್, ಶೂರ್, ಫೈವ್ ಮಿನಿಟ್ಸ್,” ಎಂದರು. ಆಮೇಲೆ ನಮ್ಮ ಕಡೆ ತಿರುಗಿ, “ಇವ್ರದ್ದೊಂದು ಕಾಟ,” ಎಂದರು. ನಾನು ತಲೆ ಬಗ್ಗಿಸಿಕೊಂಡು, ಮನೆಯಿಂದ ತಂದಿದ್ದ ಪುಳಿಯೋಗರೆ ಡಬ್ಬದ ಮುಚ್ಚಳ ತೆಗೆದೆ, ಮತ್ತೆ ಹಾಕಿದೆ. ಗಡ್ಡ ಇವರನ್ನು ಕಾಪಾಡೀತು ಎಂದು ನಂಬಿದ್ದೆ. ಅದರ ಅಗತ್ಯವೇ ಇರಲಿಲ್ಲ. ಖಾಕಿಯ ಮೇಲೆ ಒಂದು ಮುಖವೂ ಇರುತ್ತದೆ ಎಂದು ಅಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಊಟ ಶುರುವಾಯಿತು. ಇವರು ಬಕೆಟು, ಬ್ರಷು ಹಿಡಿದು ಕಕ್ಕಸಿನಿಂದ ಹೊರಬಂದು ಕೈ ತೊಳೆಯುತ್ತಿರುವುದು ಗೆಳತಿಗೆ ಕಂಡಿತು.

“ಪಾಪ, ಬೆಳಗ್ಗಿಂದ ತೊಳೀತಾನೇ ಇದಾನೆ,” ಎಂದು ಅವಳು ಒಂದು ಪ್ಲೇಟಿಗೆ ಬಿಸಿಬೇಳೆ ಬಾತು, ನನ್ನ ಪುಳಿಯೋಗರೆ, ಒಂದು ಹೋಳಿಗೆ ಹಾಕಿ ನನ್ನ ಕೈಗೆ ಕೊಟ್ಟಳು. “ಹೋಗಿ ಕೊಟ್ಟು ಬಾರೇ. ನಮ್ಮ ಕಲ್ಚರ್ ಏನು ಅಂತ ಅವ್ರಿಗೂ ಗೊತ್ತಾಗ್ಲಿ.”

ಕೊಟ್ಟು ಬಂದೆ. ಮೂವತ್ತೊಂದು ವರ್ಷ ಬಡಿಸಿದ ಕೈ ಅದು, ಒಂದು ಅಗುಳೂ ಚೆಲ್ಲಲಿಲ್ಲ.

“ಥ್ಯಾಂಕ್ಯೂ, ಮ್ಯಾಮ್,” ಎಂದರು ಇವರು.

ದೂರದ ಬೆಂಚಿನ ಮೇಲೆ ಕೂತು ಉಣ್ಣತೊಡಗಿದರು. ನಾನು ಹೆಂಗಸರ ನಡುವೆ ಬಂದು ಕೂತೆ. ಮಾತು ಇವರ ಮೇಲೆಯೇ ನಡೆದಿತ್ತು. ಮೆಕ್ಸಿಕೋದವನಿರಬೇಕು ಎಂದರು ಒಬ್ಬರು. ಗೆಳತಿ ಕಡೆಯ ತೀರ್ಪು ಕೊಟ್ಟಳು: “ಯಾರಾದ್ರೂ ಆಗ್ಲಿ. ಈ ವಯಸ್ಸಲ್ಲಿ ಕಂಡೋರ ಕಕ್ಕಸು ತೊಳೀಬೇಕು ಅಂದ್ರೆ, ಹೆಂಡ್ತಿ ಇಲ್ಲ ಅಂತಾನೇ ಲೆಕ್ಕ. ಇದ್ದಿದ್ರೆ ಹೀಗೆ ಬಿಡ್ತಿದ್ಲಾ?”

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಆಗ ಯೋಚಿಸಲಿಲ್ಲ. ಎದ್ದು ಸೀದಾ ಆ ಬೆಂಚಿಗೆ ಹೋದೆ. ಇವರ ಪಕ್ಕ ಕೂತು, ಇವರು ಅರ್ಧ ಕಚ್ಚಿಟ್ಟಿದ್ದ ಹೋಳಿಗೆಯನ್ನು ಪ್ಲೇಟಿನಿಂದ ಎತ್ತಿ ಬಾಯಿಗೆ ಹಾಕಿಕೊಂಡೆ.

ನಮ್ಮ ಜನಕ್ಕೆ ಇದಕ್ಕಿಂತ ಹೆಚ್ಚಿಗೆ ಏನನ್ನೂ ಹೇಳಬೇಕಾಗಿಲ್ಲ. ಎಂಜಲು ಎಂದರೆ ಎಂಜಲು. ಸ್ವಂತ ಅಣ್ಣತಮ್ಮಂದಿರ ತಟ್ಟೆಯಿಂದಲೂ ತೆಗೆದುಕೊಳ್ಳದ ನಾವು, ಪರಗಂಡಸಿನ ಬಾಯಿ ತಾಗಿದ್ದನ್ನು ಮುಟ್ಟುತ್ತೇವೆಯೇ? ಗೆಳತಿಯ ಕೈಯ ಸೌಟು ಅಲ್ಲೇ ನಿಂತಿತು. ಅಧ್ಯಕ್ಷರು ಕನ್ನಡಕ ಹಣೆಗೇರಿಸಿ, ಆ ದಿನ ಮೊದಲ ಸಲ, ಇವರ ಮುಖ ನೋಡಿದರು. ನಾನು ಹೋಳಿಗೆಯನ್ನು ನಿಧಾನವಾಗಿ ಅಗಿದೆ. ದೊಡ್ಡ ಯುದ್ಧ ಗೆದ್ದಂತೆ ಹೆಮ್ಮೆಯೂ ಆಯಿತು.

ಇವರು ಊಟ ಮುಗಿಸಿ ಎದ್ದರು. ಮೇಲಿನ ಕಕ್ಕಸಿಗೆ ಪೇಪರ್ ಹಾಕುವುದಿತ್ತು. ರೋಲುಗಳ ಡಬ್ಬ ನಾನು ಎತ್ತಿಕೊಂಡೆ, ರೇಷ್ಮೆ ಸೀರೆಯಲ್ಲೇ ಹಿಂದೆ ಹೊರಟೆ. ಏರು ದಾರಿಯಲ್ಲಿ ಇವರು ಒಂದು ಮಾತಾದರೂ ಆಡುತ್ತಾರೆಂದು ಕಾದೆ. ಹೊಗಳಿಕೆಯನ್ನೇ ಕಾಯುತ್ತಿದ್ದೆ, ಮುಚ್ಚಿಡುವುದೇಕೆ.

“ಪ್ಲೇಟು ಕೊಡುವಾಗ ನೀನು ನನ್ನ ಮುಖ ನೋಡಲಿಲ್ಲ,” ಎಂದರು.

“ಅಲ್ಲಿ ಯಾರು ತಾನೇ ನೋಡಿದ್ರು?”

ಇವರು ಬಾಗಿಲಿಗೆ ಬೀಗದ ಕೈ ಹಾಕಿದರು. “ಅವರಿಗೆ ನಾನು ಯಾರು ಅಂತ ಗೊತ್ತಿರ್ಲಿಲ್ಲ,” ಎಂದರು. “ನಿನಗೆ ಗೊತ್ತಿತ್ತು.”