ಇನ್ನೊಂದೆಲ್ಲಿ?

ಅಕ್ಕಿರೊಟ್ಟಿ ಕೆಂಡದ ಮೇಲೆ ಉಬ್ಬುವಾಗ ಬರುವ ವಾಸನೆಗೆ ಯಾರಿಗಾದರೂ ಹಸಿವಾಗುತ್ತದೆ. ನನಗೆ ಸೈನ್ ಥೀಟಾ ನೆನಪಾಗುತ್ತದೆ. ನಗಬೇಡಿ. ಕಳೆದ ಭಾನುವಾರ ಸಕಲೇಶಪುರದ ಚಿಕ್ಕಮ್ಮನ ಮನೆಗೆ ಹೋದಾಗಲೂ ಹಾಗೇ ಆಯಿತು. ಗೇಟು ತೆಗೆಯುವಷ್ಟರಲ್ಲಿ ವಾಸನೆ ಬಂತು. ಚಪ್ಪಲಿ ಬಿಡುವಷ್ಟರಲ್ಲಿ ‘ಮೂವತ್ತು, ನೂರೈವತ್ತು’ ಎಂದು ಬಾಯಿಗೆ ಬಂದೇಬಿಟ್ಟಿತು.

ಪಿಯುಸಿ ಓದುವಾಗ ನಾನು ಇದ್ದದ್ದು ಈ ಮನೆಯಲ್ಲೇ. ಲೆಕ್ಕದಲ್ಲಿ ಫೇಲಾದೆ. ಅಪ್ಪ ಊರಿಂದ ಬಂದು, ಕಾಫಿ ಕುಡಿದು, ಲೋಟ ಕೆಳಗಿಟ್ಟು ಹೇಳಿದ: “ಇನ್ನೊಂದ್ ಸಲ ಪರೀಕ್ಷೆ ಕಟ್ಟು. ಆಗ್ಲಿಲ್ವಾ, ಮಾರನಹಳ್ಳೀಲಿ ಗಂಡು ಐತೆ.” ಒಟ್ಟಿನಲ್ಲಿ ಪರೀಕ್ಷೆ ನಾನು ಕಟ್ಟಬೇಕು, ಇಲ್ಲದಿದ್ದರೆ ತಾಳಿ ಅವನು ಕಟ್ಟುತ್ತಾನೆ. ಗಂಡಿನಲ್ಲಿ ಏನೂ ಐಬಿರಲಿಲ್ಲ, ಪಾಪ. ನನಗೆ ಓದಬೇಕಿತ್ತು, ಅಷ್ಟೇ.

ಚಿಕ್ಕಮ್ಮ ಪಕ್ಕದ ಬೀದಿಯ ಚಂದ್ರಪ್ಪ ಮೇಷ್ಟ್ರನ್ನು ಪಾಠಕ್ಕೆ ಗೊತ್ತು ಮಾಡಿದಳು. ಮದುವೆಯಾಗದ ಮನುಷ್ಯ, ತೆಳ್ಳಗೆ ಕೊಡೆಕಡ್ಡಿಯ ಹಾಗಿದ್ದರು. ದುಡ್ಡು ಬೇಡವೆಂದರು. ಸಂಜೆ ಬಂದಾಗ ರೊಟ್ಟಿ ಕೊಟ್ಟರೆ ಸಾಕಂತೆ.

ಮೊದಲ ದಿನವೇ ತಟ್ಟೆಯಲ್ಲಿದ್ದ ರೊಟ್ಟಿಯನ್ನು ನನ್ನ ಮುಂದೆ ತಳ್ಳಿದರು. “ಇದೇ ಯೂನಿಟ್ ಸರ್ಕಲ್. ನಡುವಿಂದ ಅಂಚಿಗೆ ಒಂದು.”

“ಒಂದು ಏನು ಸಾರ್? ಗೇಣಾ, ಅಡಿನಾ?”

“ಬರೀ ಒಂದು ಕಣಮ್ಮ. ಬಲಗಡೆ ಅಂಚಿಂದ ಹೊರಟು ಹಿಂಗೆ ಮೇಲಕ್ಕೆ ಸುತ್ಕೊಂಡ್ ಹೋಗು. ನಡುಗೆರೆಯಿಂದ ಎಷ್ಟು ಎತ್ತರಕ್ಕೆ ಬಂದಿದ್ದೀಯೋ ಅದು ಸೈನು. ಸೈನು ಅರ್ಧ ಅಂದ್ರೆ ಅರ್ಧ ಎತ್ತರ. ಎಲ್ಲಿ ಸಿಗ್ತದೆ, ತೋರ್ಸು.”

ನಾನು ಬಲಗಡೆ ಅಂಚಿನಲ್ಲಿ, ಮೂವತ್ತು ಡಿಗ್ರಿಯ ಹತ್ತಿರ, ಒಂದು ಬೊಟ್ಟು ಚಟ್ನಿ ಇಟ್ಟು ಬೀಗಿದೆ.

“ಇನ್ನೊಂದೆಲ್ಲಿ?” ಎಂದು ಮೇಷ್ಟ್ರು ಗುಡುಗಿದರು.

“ಬಂದೆ ಬಂದೆ ಮೇಷ್ಟ್ರೇ!” ಒಳಗಿಂದ ಚಿಕ್ಕಮ್ಮ ಓಡಿ ಬಂದು ಬಿಸಿ ರೊಟ್ಟಿಯೊಂದನ್ನು ಅವರ ತಟ್ಟೆಗೆ ಹಾಕಿದಳು. ನಮ್ಮ ಕಡೆ ಒಂಟಿ ರೊಟ್ಟಿ ಬಡಿಸುವುದಿಲ್ಲ, ಅಪಶಕುನ. ಮೇಷ್ಟ್ರು ಬಾಯಿಬಿಟ್ಟು ಕೇಳುವವರೆಗೂ ಬಿಟ್ಟೆನಲ್ಲಾ ಎಂದು ಅವಳಿಗೆ ನಾಚಿಕೆಯೋ ನಾಚಿಕೆ.

ಮೇಷ್ಟ್ರು ಕೇಳಿದ್ದು ಎಡಗಡೆಯ ಉತ್ತರವನ್ನು. ಅಷ್ಟೇ ಎತ್ತರ ಆ ಕಡೆಯ ಅಂಚಿನಲ್ಲೂ ಸಿಗುತ್ತದೆ, ನೂರೈವತ್ತು ಡಿಗ್ರಿಯಲ್ಲಿ. ಅದನ್ನು ಬಿಟ್ಟು ಬಂದೇ ನಾನು ಫೇಲಾಗಿದ್ದು. ಈ ಎಡಗಡೆಯ ಉತ್ತರ ದಿನಾ ನನಗೆ ಮರೆತುಹೋಗುತ್ತಿತ್ತು. ಮೇಷ್ಟ್ರು ದಿನಾ “ಇನ್ನೊಂದೆಲ್ಲಿ?” ಎನ್ನುತ್ತಿದ್ದರು. ದಿನಾ ರೊಟ್ಟಿ ಬರುತ್ತಿತ್ತು. ಅವರಾದರೂ ತಪ್ಪು ತಿದ್ದಬಹುದಿತ್ತು, ತಿದ್ದಲಿಲ್ಲ. ನನ್ನ ದಡ್ಡತನದಿಂದ ಪಾಪ ಮೇಷ್ಟ್ರಿಗೆ ಹೊಟ್ಟೆ ಬಂತು.

ಒಂದು ಸಂಜೆ ಚಿಕ್ಕಮ್ಮ ರೊಟ್ಟಿ ಹಾಕುತ್ತಾ ಕೇಳಿಯೇಬಿಟ್ಟಳು: “ದಿನಾ ರೊಟ್ಟಿಗೆ ಇನ್ನೊಂದು ಕೇಳ್ತೀರಲ್ಲ ಮೇಷ್ಟ್ರೇ, ನಿಮ್ದು ಇನ್ನೊಂದೆಲ್ಲಿ?”

ಮದುವೆಯಾಗದವರನ್ನು ಹೀಗೆ ಕೇಳಿದ್ದಕ್ಕೆ ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಮೇಷ್ಟ್ರು ಸಿಟ್ಟಾಗಲಿಲ್ಲ. ರೊಟ್ಟಿಯ ಮೇಲೆ ಬೆರಳಿನಲ್ಲಿ ಅಡ್ಡಗೆರೆ ಎಳೆಯುತ್ತಾ, ಗೆರೆಯಿಂದ ಗೆರೆಗೆ ಮೇಲೇರುತ್ತಾ ತುತ್ತತುದಿಗೆ ಹೋದರು. “ನೋಡಿ ಇವ್ರೇ. ಗೆರೆ ಇಲ್ಲಿಗೆ ಬಂದ್ರೆ ಅಂಚನ್ನ ಒಂದೇ ಕಡೆ ಮುಟ್ಟೋದು. ಸೈನು ಒಂದು, ತೊಂಬತ್ತು ಡಿಗ್ರಿ. ಇದಕ್ಕೆ ಇನ್ನೊಂದಿಲ್ಲ. ಹಂಗಂತ ಉತ್ತರ ಅರ್ಧ ಅಲ್ಲ, ಪೂರ್ತಿನೇ.”

“ಅಯ್ಯೋ ಪಾಪ,” ಎಂದು ಚಿಕ್ಕಮ್ಮ ಮತ್ತೊಂದು ರೊಟ್ಟಿ ಹಾಕಿದಳು.

ಪರೀಕ್ಷೆಯಲ್ಲಿ ಅದೇ ಬರಬೇಕೇ! ಸೈನ್ ಥೀಟಾ ಒಂದಾದರೆ, ಒಂದು ಸುತ್ತಿನೊಳಗಿನ ಉತ್ತರಗಳನ್ನೆಲ್ಲ ಬರೆಯಿರಿ. ತೊಂಬತ್ತು ಎಂದು ಬರೆದೆ. ಕೈ ನಿಲ್ಲಲಿಲ್ಲ. ಒಂಟಿ ಬಿಡಬಾರದೆಂದು ಪಕ್ಕದಲ್ಲಿ ಇನ್ನೂರೆಪ್ಪತ್ತು ಎಂದೂ ಬಡಿಸಿಬಿಟ್ಟೆ. ಆಮೇಲೆ ಮೇಷ್ಟ್ರ ಬೆರಳು ಕಣ್ಣಮುಂದೆ ಬಂತು. ಇನ್ನೂರೆಪ್ಪತ್ತು ರೊಟ್ಟಿಯ ತಳದಲ್ಲಲ್ಲವೇ ಇರುವುದು! ಹೊಡೆದುಹಾಕಿದೆ. ಪಾಸಾದೆ, ಎದ್ದೂ ಬಿದ್ದೂ. ಮಾರನಹಳ್ಳಿಯವರು ಬೇರೆ ಹೆಣ್ಣು ನೋಡಿಕೊಂಡರು.

ನಾನು ಓದಿ, ಲೆಕ್ಕದ ಮೇಡಮ್ಮೇ ಆದೆ. ಮದುವೆ ಬೇಡವೆನ್ನಿಸಿತು, ಆಗಲಿಲ್ಲ. ಹೋದಾಗಲೆಲ್ಲ ಚಿಕ್ಕಮ್ಮ “ನಿಂದು ಇನ್ನೊಂದೆಲ್ಲೇ?” ಎನ್ನುವುದು, ನಾನು “ತೊಂಬತ್ತು ಡಿಗ್ರಿ, ಚಿಕ್ಕಮ್ಮ” ಎನ್ನುವುದು, ಚಿಕ್ಕಪ್ಪ ಪೇಪರಿನ ಹಿಂದೆ ಕಿಸಕ್ಕನೆ ನಗುವುದು, ಇದು ನಮ್ಮ ಮನೆಯ ಪದ್ಧತಿ.

ಚಿಕ್ಕಪ್ಪ ತೀರಿಹೋಗಿ ಈಗ ವರ್ಷವಾಗುತ್ತಾ ಬಂತು. ಭಾನುವಾರ ಚಿಕ್ಕಮ್ಮ ನನಗೆ ಎರಡು ರೊಟ್ಟಿ ಹಾಕಿ, ತಾನೂ ಕೂತಳು. ಅವಳ ತಟ್ಟೆಯಲ್ಲಿ ಒಂದೇ ಇತ್ತು. ಪ್ರಶ್ನೆಯನ್ನೂ ಕೇಳಲಿಲ್ಲ. ನನಗೆ ತಡೆಯಲಾಗಲಿಲ್ಲ.

“ನಿಂದು ಇನ್ನೊಂದೆಲ್ಲಿ?”

“ನಂಗೆ ಒಂದೇ ಸಾಕು ಕಣೇ. ನಂದೂ ಈಗ ತೊಂಬತ್ತು ಡಿಗ್ರಿ ಆಗ್ಬುಡ್ತಲ್ಲ,” ಎಂದು ನಕ್ಕಳು. ನಗು ಅರ್ಧಕ್ಕೇ ನಿಂತಿತು.

ಇಷ್ಟು ವರ್ಷ ಅವಳ ಮುಂದೆ ನಾನು ಜಂಬದಿಂದ ಹೇಳುತ್ತಿದ್ದ ಉತ್ತರ ಅವಳ ಬಾಯಲ್ಲಿ ಬೇರೆಯೇ ಆಗಿ ಕೇಳಿಸಿತು. ನನ್ನ ಒಂಟಿಬಾಳು ನಾನೇ ಆರಿಸಿಕೊಂಡದ್ದು. ಅವಳದು ಹಾಗಲ್ಲ. ಎದ್ದು ಒಲೆಯ ಹತ್ತಿರ ಹೋದೆ. ಹಿಟ್ಟು ತೆಗೆದುಕೊಂಡು ತಟ್ಟಿದೆ, ಬೇಯಿಸಿದೆ, ಸೀದ ಕಡೆಯನ್ನು ಕೆಳಗೆ ಮಾಡಿ ಅವಳ ತಟ್ಟೆಗೆ ಹಾಕಿದೆ.

ಚಿಕ್ಕಮ್ಮ ಅದನ್ನು ಎತ್ತಿ ಹಿಡಿದು ಸುತ್ತಲೂ ತಿರುಗಿಸಿ ನೋಡಿದಳು. “ಮಾರಾಯ್ತಿ, ಇದ್ಯಾವ ಸರ್ಕಲ್ಲೇ? ನಮ್ ತಾಲ್ಲೂಕಿನ ನಕ್ಷೆ ಇದ್ದಂಗೈತೆ!”

ಬೈದುಕೊಂಡೇ ತಿಂದಳು, ಸೀದದ್ದನ್ನೂ ಬಿಡದೆ. ಆಮೇಲೆ ತಟ್ಟೆಯನ್ನು ನನ್ನ ಕಡೆ ತಳ್ಳಿದಳು.

“ಇನ್ನೊಂದೆಲ್ಲಿ?”