ಗಂಜಿ ಹಚ್ಚಿದ ಸ್ಟ್ಯಾಂಪುಗಳು

ಗೆಳತಿಯ ಮನೆಯ ಸಾಮಾನು ಒಯ್ಯುವ ಲಾರಿ ಭಾನುವಾರ ಮುಂಜಾನೆ ಬರುವುದೆಂದು ಗೊತ್ತಾಗಿತ್ತು. ಅವಳ ತಂದೆ ಮಾಸ್ತರರು, ಮುಂಡರಗಿಗೆ ವರ್ಗವಾಗಿತ್ತು. ಅಷ್ಟರೊಳಗೆ ನಾವಿಬ್ಬರೂ ಮೂರು ವರ್ಷ ಕೂಡಿಹಾಕಿದ ಸ್ಟ್ಯಾಂಪುಗಳನ್ನು ಪಾಲು ಮಾಡಿಕೊಳ್ಳಬೇಕಿತ್ತು.

ಅಪರೂಪದ್ದು ಒಂದೂ ಇರಲಿಲ್ಲ. ತತ್ತಿಯೊಡೆದು ಬರುವ ಕೋಳಿಮರಿಯ ಇಪ್ಪತ್ತೈದು ಪೈಸೆಯವು, ಸಣ್ಣ ಕುಟುಂಬದ ಮೂವತ್ತೈದು ಪೈಸೆಯವು, ಹೀಗೆ ಎಲ್ಲರ ಮನೆಗೂ ಬರುವಂಥವೇ. ಲಕ್ಷ್ಮೇಶ್ವರದ ಅಡತಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ನನ್ನ ಸೋದರಮಾವ ಲಕೋಟೆಗಳ ಮೂಲೆ ಕತ್ತರಿಸಿ ಚೀಲದಲ್ಲಿ ಕಳಿಸುತ್ತಿದ್ದ. ಶಿರಹಟ್ಟಿಯಿಂದ ಅವಳ ಅಜ್ಜ ಕಳಿಸುತ್ತಿದ್ದರು. ನೆನೆಹಾಕಿ, ಕಾಗದ ಬಿಡಿಸಿ, ಒಣಗಿಸಿ, ನೂರು ನೂರರ ಕಟ್ಟು ಮಾಡಿ, ನಮ್ಮ ಮಗ್ಗದ ಕೆಳಗೆ ಬಿದ್ದ ತುಂಡು ನೂಲಿನಿಂದ ಬಿಗಿಯುತ್ತಿದ್ದೆವು. ಯಾವ ತಾರೀಖು, ಯಾವ ಊರು, ಎಷ್ಟು ಎಂದು ನಾನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಅಂಚೆ ಠಸ್ಸೆಯ ಮಸಿ ಕಡಿಮೆ ಇದ್ದವನ್ನು ಅವಳು ಕಟ್ಟಿನ ಮೇಲಕ್ಕೆ ಇಡುತ್ತಿದ್ದಳು.

ಕಟ್ಟುಗಳ ಪಾಲು ಶುಕ್ರವಾರವೇ ಮುಗಿಯಿತು. ಉಳಿದದ್ದು ಮಾವ ಕಳಿಸಿದ ಕೊನೆಯ ಚೀಲ. ರಜಿಸ್ಟರ್ ಲಕೋಟೆಗಳು ಇದ್ದುದರಿಂದ ಅದರಲ್ಲಿ ಹತ್ತಿಗಿಡದ ಒಂದು ರೂಪಾಯಿಯವುಗಳ ಜೊತೆಗೆ ಎರಡು ರೂಪಾಯಿಯವು ಏಳು ಸಿಕ್ಕವು. ಆ ಏಳರ ಮೇಲೆ ಕೈಮಗ್ಗದ ಚಿತ್ರ. ಬೆಟಗೇರಿಯ ನೇಕಾರರ ಮನೆಯವಳಾದ ನನಗೆ ಅವು ಬೇಕಿದ್ದವು. ಅವಳಿಗೂ ಬೇಕಿದ್ದವು.

"ಏಳನೇದು ಯಾರಿಗೆ?" ಅಂದಳು.

"ಮಗ್ಗ ಯಾರ ಮನ್ಯಾಗ ಐತಿ?"

"ಹಂಗಾದ್ರ ಕೋಳಿಮರಿ ಎಲ್ಲಾ ಕೋಳಿ ಸಾಕಿದವರಿಗೆ ಕೊಟ್ಟು ಬಾ, ಹೋಗು."

ಒದ್ದೆ ಸ್ಟ್ಯಾಂಪುಗಳನ್ನು ತನ್ನ ಮನೆಯಲ್ಲೇ ಒಣಗಿಸುತ್ತೇನೆಂದು ಅವಳು ಹಟ ಹಿಡಿದಳು. ಗಂಟುಮೂಟೆಯ ನಡುವೆ ಕಳೆದುಹೋಗುತ್ತವೆ, ನಮ್ಮ ಮಗ್ಗದ ಕೋಣೆಯಲ್ಲಿ ಗಾಳಿಯಿಲ್ಲ, ಹಾರುವುದಿಲ್ಲ ಎಂದು ನಾನು ಒಪ್ಪಿಸಿದೆ. ಹೊಸ್ತಿಲು ದಾಟುವಾಗ ಅವಳು ತಿರುಗಿ ನೋಡಿದಳು.

"ನಿನ್ನ ಮ್ಯಾಲ ಬಿಟ್ಟು ಹೊಂಟೀನಿ. ಒಂದು ಹೋದ್ರೂ ನಿನಗೂ ನನಗೂ ಮಾತಿಲ್ಲ."

ಶನಿವಾರ ಮಧ್ಯಾಹ್ನ ಶಾಲೆಯಿಂದ ಬಂದಾಗ, ಹಾಸಿದ್ದ ಹಳೆಯ ಸೀರೆಯ ಮೇಲೆ ಒಂದು ಸ್ಟ್ಯಾಂಪೂ ಇರಲಿಲ್ಲ. ಪಕ್ಕದಲ್ಲಿ ಆಯಿ, ಅಂದರೆ ನಮ್ಮ ಅಜ್ಜಿ, ನೂಲು ಸುತ್ತುತ್ತಾ ಕೂತಿದ್ದಳು.

"ಆಯಿ, ಸ್ಟ್ಯಾಂಪ್ ಎಲ್ಲಿ?"

"ಒಣಗಿ ಎಲ್ಲಾ ಮುರುಟಿದ್ದುವು ಬೇ. ನೂಲಿಗೆ ಮಾಡಿದ ಗಂಜಿ ಉಳದಿತ್ತು. ಅದರಾಗ ಅದ್ದಿ, ಒಂದರ ಮ್ಯಾಲ ಒಂದ ಇಟ್ಟು ಕಲ್ಲ ಹೇರೇನಿ. ನೆಟ್ಟಗಾಗ್ತಾವ ನೋಡು."

ನಮ್ಮ ಮನೆಯಲ್ಲಿ ಸೊಟ್ಟಗಿದ್ದುದಕ್ಕೆಲ್ಲ ಗಂಜಿಯೇ ಮದ್ದು. ಕಲ್ಲು ಎತ್ತಿ ನೋಡಿದೆ. ಮೈಸಾಬೂನಿನ ಬಿಲ್ಲೆಯಂತೆ ಎಲ್ಲವೂ ಒಂದೇ ಗಟ್ಟಿಯಾಗಿದ್ದವು. ಉಗುರು ಹಾಕಿದೆ, ಸೀಳು ಸಿಗಲಿಲ್ಲ.

"ಬಿಸಿನೀರಾಗ ಹಾಕು, ಬಿಡ್ತಾವ," ಅಂದಳು ಆಯಿ. ಅವಳ ದನಿ ಸಣ್ಣಗಾಗಿತ್ತು.

ನಾನು ಹಾಕಲಿಲ್ಲ. ಒಬ್ಬಳೇ ಬಿಡಿಸಿ, ಏಳರಲ್ಲಿ ಒಂದು ಹರಿದರೆ, ಆ ಒಂದನ್ನು ನಾನೇ ಬಚ್ಚಿಟ್ಟೆನೆಂದು ಅವಳು ತಿಳಿದಾಳು. ಸಂಜೆ ಬರುತ್ತೇನೆಂದವಳು ಬರಲಿಲ್ಲ. ಎರಡು ಓಣಿ ಆಚೆಯೇ ಅವಳ ಮನೆ. ಹೋಗಿ ಹೇಳುವ ಧೈರ್ಯ ನನಗಾಗಲಿಲ್ಲ.

ಭಾನುವಾರ ಅವಳು ಬಂದಾಗ ಅವರ ಓಣಿಯಲ್ಲಿ ಲಾರಿಗೆ ಸಾಮಾನು ಏರುತ್ತಿತ್ತು. ಗಟ್ಟಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು.

"ಬೇಕಂತ ಮಾಡೀದಿ."

"ಇಲ್ಲ."

"ಏಳನೇದರ ಸಲುವಾಗಿ ಮಾಡೀದಿ. ಖರೆ ಹೇಳು."

"ಅಕಿ ಅಲ್ಲವ್ವ, ನಾ ಮಾಡೇನಿ," ಎನ್ನುತ್ತಾ ಆಯಿ ಒಳಗಿಂದ ಅಗಲ ತಟ್ಟೆಯಂಥ ಪರಾತದಲ್ಲಿ ಬಿಸಿನೀರು ತಂದಿಟ್ಟಳು. "ಬೈಯೂದಿದ್ರ ನನಗ ಬೈ. ಆದ್ರ ಎಳೀಬ್ಯಾಡ್ರಿ, ತಾವ ಬಿಡಲಿ."

ಹಿರಿಯರೆದುರು ಬೈಯಲಾಗದೆ ಗೆಳತಿ ಗಟ್ಟಿಯನ್ನು ನೀರಿಗೆ ಬಿಟ್ಟಳು. ಇಬ್ಬರೂ ಪರಾತದ ಎರಡು ಬದಿಗೆ ಕೂತೆವು. ನೀರು ನಿಧಾನಕ್ಕೆ ಬೆಳ್ಳಗಾಯಿತು. ಹತ್ತಿಗಿಡದ ಒಂದು ರೂಪಾಯಿಯವು ಒಂದೊಂದಾಗಿ ಬಿಟ್ಟವು. ಮಗ್ಗ ಒಂದು ಬಿಟ್ಟಿತು, ಎರಡು, ಮೂರು. ನಾನು ಎಣಿಸುವುದು ಅವಳಿಗೆ ಕೇಳುತ್ತಿತ್ತು. ಅವಳ ತುಟಿಯೂ ಆಡುತ್ತಿತ್ತು. ಐದು. ಕೊನೆಯ ಎರಡು ಅಂಟಿಕೊಂಡೇ ಇದ್ದವು.

ಲಾರಿ ಹಾರ್ನ್ ಹೊಡೆಯಿತು.

"ತಡಿ," ಅಂದೆ.

"ಟೈಮ್ ಎಲ್ಲಿ ಅದ?" ಅವಳು ಒಂದು ತುದಿ ಹಿಡಿದಳು. ಬಿಟ್ಟುಕೊಡಬಾರದೆಂದು ನಾನು ಇನ್ನೊಂದು ತುದಿ ಹಿಡಿದೆ. ಒಂದು ಇಡಿಯಾಗಿ ನನ್ನ ಬೆರಳಿಗೆ ಬಂತು. ಇನ್ನೊಂದು ನಡುವೆ ಹರಿದು, ಅರ್ಧ ಅವಳ ಕೈಯಲ್ಲಿ, ಅರ್ಧ ನೀರಿನಲ್ಲಿ.



"ನೂಲಿನ ಎಳಿ ಹರದ್ರ ಗಂಟ ಹಾಕಬಹುದಿತ್ತು," ಅಂದಳು ಆಯಿ ತನ್ನಷ್ಟಕ್ಕೆ.

ಮತ್ತೆ ಹಾರ್ನ್. ಗೆಳತಿ ಎದ್ದು ಪರಾತದ ನೀರನ್ನು ಬಚ್ಚಲಿಗೆ ಬಸಿದಳು. ಮೂರು ಮಗ್ಗ, ನೀರಿಗೆ ಬಿದ್ದಿದ್ದ ಹರಿದ ಅರ್ಧ ತೆಗೆದು ನನ್ನ ಅಂಗೈ ಮೇಲಿಟ್ಟಳು. ಹತ್ತಿಗಿಡದವನ್ನು ಎಣಿಸಲಿಲ್ಲ, ಕಣ್ಣಂದಾಜಿಗೆ ಅರ್ಧ ಬಳಿದು ಹಳೆಯ ಸೀರೆಯ ಮೇಲೆ ಹಾಕಿದಳು. ತನ್ನ ಪಾಲನ್ನು ಒದ್ದೆಯಾಗಿಯೇ ಪರಾತಕ್ಕೆ ಒಂದೊಂದಾಗಿ ಅಂಟಿಸಿಕೊಂಡು, ಕಟ್ಟುಗಳ ಚೀಲ ಹೆಗಲಿಗೇರಿಸಿ, ಪರಾತವನ್ನು ಎದೆಗವಚಿಕೊಂಡು ಓಡಿದಳು. ಹೋಗಿ ಬರುತ್ತೇನೆಂದೂ ಹೇಳಲಿಲ್ಲ.

ಓಣಿಯ ತಿರುವಿನಲ್ಲಿ ಲಾರಿ ಹಾಯ್ದುಹೋಗುವಾಗ ಕಂಡೆ. ತಾಯಿಯ ಪಕ್ಕದಲ್ಲಿ ಕೂತು ತೊಡೆಯ ಮೇಲೆ ಪರಾತ ಇಟ್ಟುಕೊಂಡಿದ್ದಳು. ಸ್ಟ್ಯಾಂಪು ಹಾರದಂತೆ ಎರಡೂ ಕೈ ಮುಚ್ಚಿದ್ದಳು. ಕೈ ಬೀಸಲು ಅವಳಿಗೆ ಕೈ ಇರಲಿಲ್ಲ ಎಂದುಕೊಂಡೆ.

ಮಧ್ಯಾಹ್ನ ರೊಟ್ಟಿ ಹಿಟ್ಟು ಕಲಸಲು ಅವ್ವ ಹುಡುಕಾಡಿದಳು. "ಪರಾತ ಎಲ್ಲಿ ಹೋತು?"

"ಮುಂಡರಗಿಗೆ," ಅಂದಳು ಆಯಿ.

ನೋಟ್‌ಬುಕ್ಕಿನಲ್ಲಿ ಅಂದಿನ ತಾರೀಖಿನ ಕೆಳಗೆ ನಾನು ಬರೆದೆ: ಮಗ್ಗ ಮೂರು. ಹರಿದದ್ದು ಅರ್ಧ. ಪರಾತ ಒಂದು, ಬರುವುದಿದೆ.