ಹೊನ್ನಾಳಿ ಬೋರ್ಡು

ಗೆಳೆಯರೇ, ಬಸ್ಸಿಗೆ ಹಾಕುವ, ಊರಿನ ಹೆಸರು ತೋರಿಸುವ ಎಲ್‌ಸಿಡಿ ಬೋರ್ಡೊಂದನ್ನು ಮಗಳು ತಾನೇ ಮಾಡಿ ನಾಳೆ ಕಾಲೇಜಿನಲ್ಲಿ ತೋರಿಸಬೇಕು. ಇವತ್ತು ನೋಡಿದರೆ, ‘ಹೊನ್ನಾಳಿ’ ಎಂದು ಇಂಗ್ಲಿಷಿನಲ್ಲಿ ಬರೆದರೂ ಪರದೆಯ ಮೇಲೆ ಅರ್ಥವಿಲ್ಲದ ಗುರುತುಗಳು.

“ವೈರೆಲ್ಲಾ ಸರಿ ಐತಪ್ಪಾ!” ಎಂದು ನನ್ನ ಮೇಲೆ ರೇಗಿದಳು.

ನನ್ನ ಹೆಂಡತಿ ನಕ್ಕಳು. “ನಮ್ಮ ಕಾಲದಾಗೆ ಬಸ್ಸೂ ಸರಿ ಇರ್ತಿತ್ತು, ಬೋರ್ಡು ಮಾತ್ರ ತಪ್ಪು. ಕಂಡಕ್ಟರ್ ತಗಡಿನ ಬೋರ್ಡು ತಿರುಗ್ಸಾಕೆ ಮರೆತ್ರೆ, ನಮ್ಮ ನ್ಯಾಮತಿಯಿಂದ ಹೊನ್ನಾಳಿಗೆ ಹೊರಟ ಬಸ್ಸು ನ್ಯಾಮತಿ ಸ್ಟ್ಯಾಂಡಿನಾಗೇ ನಿಂತು ‘ನ್ಯಾಮತಿ’ ಅಂತ ತೋರ್ಸೋದು.”

ಎಂಬತ್ತರ ದಶಕದ ಆ ಬಸ್ ಸ್ಟ್ಯಾಂಡ್ ಕಣ್ಣ ಮುಂದೆ ಬಂತು. ಬೋರ್ಡನ್ನು ಯಾರು ನಂಬುತ್ತಿದ್ದರು? “ಎಲ್ಲಿಗ್ರೀ?” ಎಂದು ಡ್ರೈವರನನ್ನು ಕೇಳಿಯೇ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಿದ್ದೆವು.

ಮಗಳು ವೈರು ಬಿಟ್ಟು ಪ್ರೋಗ್ರಾಮ್ ನೋಡಿದಳು. ಯಾವ ವೈರು ಎಲ್ಲಿಗೆ ಸೇರಿದೆ ಎಂದು ಹೇಳುವ ಎರಡು ಪಿನ್ ನಂಬರು ಅದರಲ್ಲಿ ಅದಲುಬದಲಾಗಿದ್ದವು. ತಿದ್ದಿದೊಡನೆ ‘ಹೊನ್ನಾಳಿ’ ಬಂತು.

ನನ್ನಾಕೆ ಕನ್ನಡಕ ಏರಿಸಿ ಓದಿದಳು. “ಚೆನ್ನಾಗೈತೆ. ಆದ್ರೂ ಹತ್ತೋಕೆ ಮುಂಚೆ ಡ್ರೈವರ್‌ನ ಒಂದ್ಮಾತು ಕೇಳ್ಬೇಕಮ್ಮಾ.”